ಮೂರು ತೂತಿನ ಕಾರ್ಡಿಗೆ ಸಹಿ ಹಾಕುವಾಕೆ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಬ್ರ್ಯಾಕೆಟ್ ಕೋವಿ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಲೊರೆಟ್ ಪೆಲ್ಕಿ ತೊಟ್ಟಿದ್ದ ಉಣ್ಣೆಯ ಸ್ವೆಟರನ್ನು ಬಿಚ್ಚಿ, ಹಿಂದುಮುಂದು ಮಾಡಿ ಮತ್ತೆ ತೊಡುತ್ತಿದ್ದಾರೆ. ಗುಂಡಿಗಳೆಲ್ಲ ಬೆನ್ನ ಕಡೆ ಹೋದವು. ಮದುವೆಯುಂಗುರ ಗೋಡೆಯ ಮೊಳೆಗೆ, ಕೈಗಡಿಯಾರ ಏಪ್ರನ್ನಿನ ಜೇಬಿಗೆ. ಎದೆಗೆ ಒತ್ತಿ ಹಿಡಿಯುವ ಕೋವಿಯ ಮರಕ್ಕೆ ಒಂದು ಗುಂಡಿ ತಾಗಿದರೂ ಗೀರು ಬೀಳುತ್ತದೆ. ಅದೇನು ಅಂತಿಂಥ ಮರವೇ? ತಿಂಗಳುಗಟ್ಟಲೆ ಎಣ್ಣೆ ಕುಡಿಸಿದ ಅಕ್ರೋಟು.

"ಮೂವತ್ತೆಂಟು ವರ್ಷದಿಂದ ಹಿಂಗೇ ಹಾಕ್ಕೊಳ್ಳೋದು. ಒಂದ್ಸಲ ಮರೆತು ಹಿಂಗೇ ಚರ್ಚಿಗೂ ಹೋಗ್ಬಿಟ್ಟಿದ್ದೆ. ಪಾದ್ರಿ ಏನೂ ಅನ್ನಲಿಲ್ಲ. ನನ್ನ ಗಂಡ ಅರ್ಮಾನ್ ಮಾತ್ರ ಮೂರು ದಿನ ಬಿದ್ದುಬಿದ್ದು ನಕ್ಕ" ಎನ್ನುತ್ತಾ ಲೊರೆಟ್ ದೀಪ ಹಾಕುತ್ತಾರೆ.

ಬೆಳಕು ಬೀಳುವುದು ಒಂದು ಸುರಂಗದೊಳಕ್ಕೆ. ಕಾರ್ಖಾನೆಯ ಹಿಂದಿನ ಗುಡ್ಡದ ಹೊಟ್ಟೆಗೆ ಐವತ್ತು ಗಜ ಉದ್ದಕ್ಕೆ ಕೊರೆದ ಕಲ್ಲಿನ ಸುರಂಗ. ಆ ತುದಿಯಲ್ಲಿ ಮರಳಿನ ದಿಬ್ಬ, ಅದರ ಮುಂದೆ ಅಂಗೈ ಅಗಲದ ಒಂದು ಬಿಳಿಯ ಕಾರ್ಡು. ಏಳು ಗಂಟೆಗೆ ಮೇಲಿನ ಮಹಡಿಯಲ್ಲಿ ಕಡೆಯುವ ಯಂತ್ರಗಳು ಶುರುವಾದರೆ ಇಲ್ಲಿನ ಮೇಜು ನಡುಗುತ್ತದೆ, ಗುರಿ ಕೂದಲೆಳೆಯಷ್ಟು ಅಲ್ಲಾಡುತ್ತದೆ. ಆದ್ದರಿಂದ ಲೊರೆಟ್ ಊರಿಗಿಂತ ಮೊದಲೇ ಎದ್ದು ಬರುತ್ತಾರೆ. ವರ್ಮಾಂಟ್‌ನ ಬ್ರ್ಯಾಕೆಟ್ಸ್ ಫಾಲ್ಸ್ ಎಂಬ ಈ ಊರಿನಲ್ಲಿ ಅವರಿಗಿಂತ ಮೊದಲು ಏಳುವವರು ಹಾಲು ಕರೆಯುವವರು ಮಾತ್ರ.

ಮೇಜಿನ ಮೇಲೆ ಇವತ್ತಿನ ಹದಿನಾರು ಕೋವಿಗಳು ಸಾಲಾಗಿ ಮಲಗಿವೆ. ಊರಿನವರು ಪ್ರೀತಿಯಿಂದ 'ತೊಂಬತ್ತೆಂಟು' ಎಂದು ಕರೆಯುವ ಕೋವಿ. ಸಾವಿರದ ಎಂಟುನೂರ ತೊಂಬತ್ತೆಂಟರಲ್ಲಿ ಮೊದಲು ಬಂದದ್ದು. ಬೆರಳಿನ ಕೆಳಗಿರುವ ಲಿವರನ್ನು ಚಕ್ ಎಂದು ಕೆಳಗಿಳಿಸಿ ಚಕ್ ಎಂದು ಮೇಲೆತ್ತಿದರೆ ಮುಂದಿನ ತೋಟೆ ತಾನಾಗಿ ನಳಿಗೆಗೆ ಏರುತ್ತದೆ. ಇಲ್ಲಿನ ಯಾವ ಮನೆಗೆ ಹೋದರೂ ಅಡುಗೆಮನೆಯ ಬಾಗಿಲ ಹಿಂದೆ ಅಜ್ಜನ ಕಾಲದ್ದೊಂದು ನಿಂತಿರುತ್ತದೆ. ಬಣ್ಣ ಹೋಗಿ, ಹಿಡಿ ಸವೆದು, ನವೆಂಬರ್ ಬಂತೆಂದರೆ ಇವತ್ತಿಗೂ ಜಿಂಕೆ ಬೇಟೆಗೆ ಸಿದ್ಧ.

ಕಾರ್ಖಾನೆ ಅದನ್ನು ಮಾಡುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಈಗ ನೂರಿಪ್ಪತ್ತೈದನೆಯ ವರ್ಷದ ನೆನಪಿಗೆಂದು ಮತ್ತೆ ಮಾಡುತ್ತಿದ್ದಾರೆ. ನಾನೂರೇ ನಾನೂರು, ಒಂದು ಹೆಚ್ಚಿಲ್ಲ. ಎಂಟು ಮೂಲೆಯ ನಳಿಗೆ, ನೀಲಿ ನೇರಳೆ ಕಂದು ಬಣ್ಣಗಳು ಹೊಗೆಯಂತೆ ಹರಡಿದ ಉಕ್ಕಿನ ಮೈ, ಅದರ ಮೇಲೆ ನೆಗೆಯುತ್ತಿರುವ ಬಂಗಾರದ ಜಿಂಕೆ. ಬೆಲೆ ಮೂರು ಸಾವಿರದ ಒಂಬೈನೂರು ಡಾಲರು. ಮೊದಲ ಕೋವಿಗೆ ಮರ ಕೂರಿಸುವ ಮುಂಚೆಯೇ ನಾನೂರೂ ಮಾರಾಟವಾಗಿ ಹೋದವು. ಕೊಂಡವರಲ್ಲಿ ಮುಕ್ಕಾಲು ಪಾಲು ಜನ ಇದನ್ನು ಕಾಡಿಗೆ ಒಯ್ಯುವುದಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಲಿವರನ್ನು ಒಮ್ಮೆ ಎಳೆದರೂ ಒಳಗೊಂದು ಗೆರೆ ಮೂಡಿ ಬೆಲೆ ಇಳಿಯುತ್ತದಂತೆ! ಕೋವಿ ಕೊಂಡು ಮುಟ್ಟದೆ ಇರುವುದೂ ಒಂದು ಹವ್ಯಾಸ.

"ಪಾಪ, ಇವಕ್ಕೆ ಜೀವಮಾನದಲ್ಲಿ ಸಿಗೋದೇ ನಾಲ್ಕು ಈಡು. ನಾಲ್ಕೂ ನನ್ನ ಕೈಲೇ. ಅದಕ್ಕೇ ಸ್ವಲ್ಪ ಮುದ್ದಿನಿಂದ ಹೊಡೀತೀನಿ" ಎನ್ನುತ್ತಾರೆ ಲೊರೆಟ್.

ಮೊದಲನೆಯದು ಭಾರದ ಈಡು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿದ ತೋಟೆ. ಕೋವಿಯನ್ನು ಕಬ್ಬಿಣದ ತೊಟ್ಟಿಲಿನಲ್ಲಿ ಮಲಗಿಸಿ, ದಪ್ಪ ತಗಡಿನ ಹಿಂದೆ ನಿಂತು ಹಗ್ಗ ಎಳೆಯುತ್ತಾರೆ. ಉಕ್ಕಿನಲ್ಲಿ ಎಲ್ಲಾದರೂ ಹುಳುಕಿದ್ದರೆ ಅಲ್ಲೇ ಬಯಲಾಗಬೇಕು. ಖಾಲಿ ತೋಟೆಯನ್ನು ಹೊರತೆಗೆದು ಹೆಬ್ಬೆರಳಿನ ಉಗುರಿನಿಂದ ಸವರಿ ನೋಡುತ್ತಾರೆ. ಆಮೇಲೆ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಒತ್ತಿ ಹೊಡೆಯುತ್ತಾರೆ. ನಳಿಗೆಯ ತುದಿಯ ಗುರಿಮೊನೆಯನ್ನು ಹಿತ್ತಾಳೆಯ ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ಎಂದು ಸರಿಸಬೇಕಾಗಿ ಬಂದರೆ ಲೆಕ್ಕ ನಾಲ್ಕನ್ನು ಮೀರುತ್ತದೆ. ಕೊನೆಯಲ್ಲಿ ಮೂರು ಈಡು ಕಾರ್ಡಿನ ನಡುವಿನ ಕಪ್ಪು ಚುಕ್ಕೆಯಲ್ಲಿ ಕೂರಬೇಕು. ಹಾಗೆ ಕೂತ ಕಾರ್ಡಿಗೆ ಕೋವಿಯ ಸಂಖ್ಯೆ ಬರೆದು, ಕೆಳಗೆ 'ಎಲ್.ಪಿ.' ಎಂದು ಸಹಿ. ಆ ಕಾರ್ಡು ಕೋವಿಯ ಜೊತೆಗೇ ಪೆಟ್ಟಿಗೆ ಸೇರುತ್ತದೆ.

ಹೆಸರು ಪೂರ್ತಿ ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ ಲೊರೆಟ್ ನಗುತ್ತಾರೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವರು ಪೆಟ್ಟಿಗೆ ಕಟ್ಟುವ ವಿಭಾಗದಲ್ಲಿದ್ದವರು. ಒಂದು ದಿನ ಸುರಂಗದ ಮುದುಕನಿಗೆ ಜ್ವರ ಬಂತು. ಹತ್ತನೇ ವಯಸ್ಸಿನಿಂದ ಅಜ್ಜನ ಹಿಂದೆ ಕಾಡು ಸುತ್ತಿದ ಹುಡುಗಿ ಎಂದು ಯಾರೋ ನೆನಪಿಸಿ ಇವರನ್ನು ಕೆಳಗೆ ಕಳಿಸಿದರು. ಮುದುಕ ವಾಪಸು ಬರಲಿಲ್ಲ, ಇವರು ಮೇಲೆ ಹೋಗಲಿಲ್ಲ. "ಹೆಂಗಸು ಹೊಡೆದು ನೋಡಿದ ಕೋವಿ ಅಂತ ಗೊತ್ತಾದ್ರೆ ಯಾರಮ್ಮಾ ಕೊಳ್ತಾರೆ, ಬರೀ ಎರಡಕ್ಷರ ಹಾಕು ಅಂದ್ರು ಆಗಿನ ಯಜಮಾನ್ರು. ಇವತ್ತಿಗೂ ಕಾಗದ ಬರ್ತಾವೆ, 'ಮಾನ್ಯ ಎಲ್.ಪಿ. ಸಾಹೇಬರೇ, ನಿಮ್ಮ ಕಣ್ಣಿಗೆ ನಮಸ್ಕಾರ' ಅಂತ. ಸಾಹೇಬ್ರು ಇಲ್ಲಿ ಬೆನ್ನಿಗೆ ಗುಂಡಿ ಹಾಕ್ಕೊಂಡು ನಿಂತಿದ್ದಾರೆ!"

ದಿನಕ್ಕೆ ಹದಿನಾರು ಕೋವಿ, ಕಡಿಮೆಯೆಂದರೂ ಅರವತ್ತನಾಲ್ಕು ಈಡು. ಮೂವತ್ತೆಂಟು ವರ್ಷಕ್ಕೆ ಐದು ಲಕ್ಷ ದಾಟುತ್ತದೆ. ಬಲಭುಜದ ಮೇಲೆ ಅಂಗೈಯಗಲದ ಜಾಗ ಯಾವಾಗಲೂ ಕಂದಿರುತ್ತದೆ. ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸಬೇಕು. ಶುರುವಿನ ವರ್ಷಗಳಲ್ಲಿ ಕಿವಿಗೆ ಹತ್ತಿಯಷ್ಟೇ ಗತಿ. ಹಾಗಾಗಿ ಸಣ್ಣ ದನಿಗಳೆಲ್ಲ ಹೋಗಿಬಿಟ್ಟಿವೆ. "ವಸಂತದಲ್ಲಿ ಕೆರೆ ಕಪ್ಪೆಗಳು ಕೂಗ್ತಾವಲ್ಲ, ಅದು ಕೇಳಿಸಲ್ಲ ಈಗ. ಅದೊಂದು ಸಂಕಟ ನನಗೆ" ಎನ್ನುವಾಗ ಮಾತ್ರ ಲೊರೆಟ್ ನಗುವುದಿಲ್ಲ. ನಳಿಗೆ ವಿಭಾಗದಲ್ಲಿದ್ದು ನಿವೃತ್ತನಾದ ಅರ್ಮಾನ್‌ಗೂ ಕಿವಿ ಮಂದ. ಗಂಡಹೆಂಡತಿ ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆಂದು ಊರವರು ಆಡಿಕೊಳ್ಳುತ್ತಾರೆ. ಅವರ ಮನೆಯ ಗುಟ್ಟು ಊರಿಗೆಲ್ಲ ಗೊತ್ತಿರುವುದಂತೂ ನಿಜ.

ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು 'ಮೆಮೆ'. ಇಲ್ಲಿನ ಫ್ರೆಂಚ್ ಮೂಲದ ಮನೆಗಳಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಈ ನಾನೂರರಲ್ಲಿ ಕೊನೆಯದನ್ನು ಹೊಡೆದು, ಕ್ರಿಸ್‌ಮಸ್ ಹೊತ್ತಿಗೆ ಕೆಲಸ ಬಿಡುವುದೆಂದು ಮೆಮೆ ತೀರ್ಮಾನಿಸಿದ್ದರು. ಮೇಸ್ತ್ರಿ ಕ್ಲಾಡ್ ರೊಬಿಡೂ ಬೀಳ್ಕೊಡುಗೆಗೆ ಕೇಕು ಯಾವುದಿರಲಿ ಎಂದು ವಿಚಾರಿಸಲೂ ಶುರುಮಾಡಿದ್ದರು. ಅಷ್ಟರಲ್ಲಿ ಅಕ್ಟೋಬರಿನ ಮೊದಲ ವಾರ ಮಾರಾಟ ವಿಭಾಗದ ಬ್ರೆಂಟ್ ಹಾಲ್ಕಮ್ ಸುರಂಗದ ಮೆಟ್ಟಿಲಿಳಿದು ಬಂದ.

ಬ್ರೆಂಟ್ ಫೀನಿಕ್ಸ್ ಕಡೆಯ ಹುಡುಗ. ಮೂವತ್ತೆರಡು ವಯಸ್ಸು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಒಳ್ಳೆಯವನೇ. ಆದರೆ ಮಾರುವುದೊಂದು ಬಿಟ್ಟು ಬೇರೆ ಯೋಚನೆ ಅವನ ತಲೆಗೆ ಹೊಗುವುದಿಲ್ಲ.

"ಮಿಸೆಸ್ ಪೆಲ್ಕಿ, ನಿಮಗೊಂದು ಸಿಹಿ ಸುದ್ದಿ. ನಿಮ್ಮ ಕೆಲಸ ಹಗುರ ಮಾಡ್ತಿದೀವಿ. ಕೊಳ್ಳೋರು ಒಂದೂ ಗುಂಡು ಹಾರಿಸದ ಕೋವಿ ಬೇಕು ಅಂತಿದಾರೆ. ಕಾರ್ಖಾನೇಲೂ ಹೊಡೀಬಾರದಂತೆ. ಹಾಗೇ ಕಳಿಸೋಣ."

"ಸರಿ, ಹಾಗಾದ್ರೆ ಕಾರ್ಡು ಇರಲ್ಲ."

"ಅಯ್ಯೋ, ಕಾರ್ಡು ಬೇಕೇ ಬೇಕು! ಮೂರು ತೂತು, ನಿಮ್ಮ ಸಹಿ, ಅದಿಲ್ಲದೆ ಹೇಗೆ? ಜನ ಕಾರ್ಡಿಗೆ ಚೌಕಟ್ಟು ಹಾಕಿಸ್ತಾರೆ. ಇಲ್ಲಿರೋ ಯಾವುದಾದ್ರೂ ಹಳೇ ಕೋವಿ ತಗೊಂಡು ನಾನೂರು ಕಾರ್ಡಿಗೂ ನೀವೇ ಹೊಡೆದುಕೊಟ್ರೆ ಆಯ್ತು."

ಲೊರೆಟ್ ಕಿವಿಯ ಮುಚ್ಚಳ ತೆಗೆದರು. ಕೇಳಿಸಿದ್ದು ಸರಿಯೇ ಎಂದು ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಮರೀ, ಮದುವೆನೇ ಆಗದ ಹುಡುಗಿಯ ಕೈಗೆ ಮಕ್ಕಳ ಫೋಟೋ ಕೊಟ್ಟು ಕಳಿಸೋ ಹಾಗಾಯ್ತಲ್ಲೋ ಇದು" ಎಂದರು. ಕ್ಲಾಡ್ ಬೆನ್ನು ತಿರುಗಿಸಿ ನಕ್ಕರು. ಬ್ರೆಂಟ್‌ಗೆ ನಗು ಬರಲಿಲ್ಲ.

ಹುಡುಗಾಟವಲ್ಲ, ಮುಂಗಡ ಕೊಟ್ಟವರಿಗೆ ಕಳಿಸುವ ಕರಪತ್ರ ಅಚ್ಚಿಗೆ ಹೋಗಲು ಒಂದೇ ವಾರ ಉಳಿದಿತ್ತು. ಹೊಡೆದ ಕೋವಿಗೂ ಹೊಡೆಯದ ಕೋವಿಗೂ ವ್ಯತ್ಯಾಸ ಇದೆ, ಬಲ್ಲವರು ಕಣ್ಣಿಟ್ಟರೆ ಸಾಕು ಹೇಳುತ್ತಾರೆ, ಬೆಲೆಯೆಲ್ಲ ನಿಂತಿರುವುದು ಅದರ ಮೇಲೇ ಎಂದು ಬ್ರೆಂಟ್ ವಾದಿಸಿದ. ತಾವು ಹೊಡೆದು ಒರೆಸಿಟ್ಟ ಕೋವಿಯನ್ನು ಭೂಮಿಯ ಮೇಲೆ ಯಾವ ಗಂಡಸೂ ಗುರುತಿಸಲಾರ ಎಂದು ಲೊರೆಟ್ ಪಟ್ಟುಹಿಡಿದರು. ಗುರುತಿಸಿದರೆ ತಾವು ಅವತ್ತೇ ಉಂಗುರ ತೊಟ್ಟು ಮನೆಗೆ ಹೋಗುವುದು, ಅವರು ಹೇಗೆ ಬೇಕಾದರೂ ಕಳಿಸಿಕೊಳ್ಳಲಿ. ಗುರುತಿಸದಿದ್ದರೆ ನಾನೂರೂ ಸುರಂಗ ದಾಟಿಯೇ ಹೋಗಬೇಕು.

"ಸೋತವರ ಅಂಗಿಯ ಬಾಲ ನಂದು" ಎಂದು ಕ್ಲಾಡ್ ನಡುವೆ ಬಾಯಿ ಹಾಕಿದರು. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂಬದಿಯನ್ನು ಕತ್ತರಿಸಿ, ಹೆಸರು ಬರೆದು, ಬೇಟೆ ಗುಡಿಸಲಿನ ಗೋಡೆಗೆ ಮೊಳೆ ಹೊಡೆಯುವುದು ಇಲ್ಲಿನ ಪದ್ಧತಿ. ಮರುಭೂಮಿಯಿಂದ ಬಂದ ಬ್ರೆಂಟ್‌ಗೆ ಅದೇನು ಗೊತ್ತು! ತಮಾಷೆಯೆಂದುಕೊಂಡು ಆಗಲಿ ಎಂದುಬಿಟ್ಟ.

ಬಲ್ಲವರೆಂದು ಬ್ರೆಂಟ್ ಕರೆಸಿದ್ದು ಆಸ್ಗುಡ್ ಅವರನ್ನು. ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು, ಈ ಭಾಗದ ಕೋವಿ ಸಂಗ್ರಾಹಕರ ಸಂಘದ ಅಧ್ಯಕ್ಷರು. ಬರುವಾಗಲೇ ಕೈಗೆ ಬಿಳಿಯ ಹತ್ತಿಯ ಕೈಗವಸು, ಕಣ್ಣಿಗೆ ಭೂತಗನ್ನಡಿ. ಮೇಜಿನ ಮೇಲೆ ಹತ್ತು ಕೋವಿ ಇಟ್ಟಿದ್ದರು. ಐದು ಹೊಡೆದವು, ಐದು ಇನ್ನೂ ಹೊಡೆಯದವು. ಯಾವುದು ಯಾವುದೆಂದು ಕ್ಲಾಡ್ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಅಂಟಿಸಿದ್ದರು. ಆಸ್ಗುಡ್ ಒಂದೂವರೆ ಗಂಟೆ ನೋಡಿದರು. ಹಳೆಯ ಕಸುಬಿನ ಪುಟ್ಟ ಕನ್ನಡಿಯನ್ನೇ ತಂದಿದ್ದರು, ಅದನ್ನು ಒಳಗಿಳಿಸಿ ಮೂಲೆಮೂಲೆ ಇಣುಕಿದರು. ಮೂಸಿಯೂ ನೋಡಿದರು. ಲೊರೆಟ್ ಅತ್ತ ಹಂದಿಮಾಂಸದ ಕ್ರೆಟಾನ್ ಸವರಿದ ಬ್ರೆಡ್ಡು ತಿನ್ನುತ್ತಾ ಕೂತಿದ್ದರು. ಹೊರಗೆ ನಿರಾಳ, ಆದರೆ ಕಣ್ಣೆಲ್ಲ ಆಸ್ಗುಡ್ ಕೈಯ ಮೇಲೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತಾರೆ.

ಕೊನೆಗೆ ಆಸ್ಗುಡ್ ಐದು ಕೋವಿಗಳನ್ನು ಬೇರೆ ಮಾಡಿ, "ಇವು ಗುಂಡು ಕಾಣದವು. ಸಂದೇಹವೇ ಇಲ್ಲ" ಎಂದರು.

ಕ್ಲಾಡ್ ಲಕೋಟೆ ಒಡೆದರು. ಆ ಐದರಲ್ಲಿ ಮೂರನ್ನು ಲೊರೆಟ್ ಸೋಮವಾರವಷ್ಟೇ ಹೊಡೆದಿದ್ದರು.

ಅಬ್ಬಾ, ಆಮೇಲಿನ ಗದ್ದಲ! ಮೇಲಿನ ಮಹಡಿಯವರು ಮೆಟ್ಟಿಲಲ್ಲೇ ಕಾದು ಕೂತಿದ್ದರೆಂದು ಕಾಣುತ್ತದೆ. ಕತ್ತರಿ ಎಲ್ಲಿಂದ ಬಂತೋ. "ಇದು ಹೊಸ ಅಂಗಿ ಕಣ್ರೋ!" ಎಂದು ಬ್ರೆಂಟ್ ಕೂಗಿಕೊಳ್ಳುತ್ತಿರುವಂತೆಯೇ ತಿಳಿನೀಲಿ ಬಾಲ ಸುರಂಗದ ಗೋಡೆ ಏರಿತು. ಹೆಸರು, ತಾರೀಕು ಸಮೇತ. ಬ್ರೆಂಟ್‌ನ ಮುಖ ಕೆಂಪಾಗಿತ್ತು, ಆದರೂ ಸೋಲೊಪ್ಪುವ ಜಾತಿಯಲ್ಲ ಅವನದು. "ಹಾಗಾದ್ರೆ ಇನ್ನೂ ಒಳ್ಳೇದೇ ಆಯ್ತಲ್ಲ! ನೀವು ಹೊಡೆದು ಒರೆಸಿ. ನಾವು ಹೊಡೆದಿಲ್ಲ ಅಂತ ಅಚ್ಚು ಹಾಕ್ತೀವಿ. ಯಾರಿಗೂ ಗೊತ್ತಾಗಲ್ಲ ಅಂತ ನೀವೇ ತೋರಿಸಿಕೊಟ್ರಿ" ಎಂದ.

ಲೊರೆಟ್ ಸ್ಟೂಲಿನ ಮೇಲೆ ಕೂತರು. ಮೂವತ್ತೈದು ವರ್ಷ ಅರ್ಮಾನ್‌ಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವರು ಹೇಳಿದ್ದು ಆಗ.

"ಗೊತ್ತಾಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ ಮಗಾ. ಎಂಬತ್ತೆಂಟನೇ ಇಸವಿ. ತೊಂಬತ್ತು ವರ್ಷದ ನೆನಪಿಗೆ ಅಂತ ಐನೂರು ಕೋವಿ ಮಾಡಿದ್ವಿ. ನವೆಂಬರ್ ತಿಂಗಳು, ಶುಕ್ರವಾರ. ಮಾರನೇ ದಿನ ಬೇಟೆ ಶುರು. ಮಧ್ಯಾಹ್ನ ಎರಡಕ್ಕೆ ಕಾರ್ಖಾನೆ ಖಾಲಿ. ಅರ್ಮಾನ್ ಮತ್ತು ಅವನ ಅಣ್ಣತಮ್ಮಂದಿರು ಆ ವರ್ಷ ಮೊದಲನೇ ಸಲ ನನ್ನನ್ನೂ ಗುಡಿಸಲಿಗೆ ಕರೆದಿದ್ರು. ಅಲ್ಲೀವರೆಗೂ ಹೆಂಗಸರು ಅಲ್ಲಿ ಕಾಲಿಟ್ಟಿರಲಿಲ್ಲ. ಹೊರಗೆ ಗಾಡಿ ಹಾರ್ನ್ ಹೊಡೀತಿದೆ, ನನ್ನ ಮೇಜಿನ ಮೇಲೆ ಅವತ್ತು ತಡವಾಗಿ ಇಳಿದುಬಂದ ಹನ್ನೆರಡು ಕೋವಿ ಇನ್ನೂ ಹಾಗೇ ಇದ್ವು."

ಆ ಹನ್ನೆರಡನ್ನೂ ಹೊಡೆಯದೆ, ಆಗಲೇ ಗುರಿ ಸರಿಮಾಡಿಟ್ಟಿದ್ದ ಒಂದೇ ಕೋವಿಯಿಂದ ಹನ್ನೆರಡು ಕಾರ್ಡಿಗೂ ಹೊಡೆದು, ಎಲ್.ಪಿ. ಎಂದು ಸಹಿ ಹಾಕಿ, ಪೆಟ್ಟಿಗೆ ಮುಚ್ಚಿ ಲೊರೆಟ್ ಗಾಡಿ ಹತ್ತಿದರು. ಆ ಸಲ ಅವರಿಗೆ ಎಂಟು ಕವಲಿನ ಗಂಡು ಜಿಂಕೆ ಸಿಕ್ಕಿತು. ಊರೆಲ್ಲ ಹೊಗಳಿತು. ಕೊಂಬನ್ನು ಗೋಡೆಗೆ ಹಾಕಿಸಲು ಮಾತ್ರ ಅವರು ಒಪ್ಪಲಿಲ್ಲ, ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಗಾಜಿನ ಕಪಾಟಿಗೆ ಹೋಗೋ ಕೋವಿಗಳು, ಯಾರು ಹೊಡೀತಾರೆ ಅಂತ ಸಮಾಧಾನ ಮಾಡ್ಕೊಂಡೆ. ಆದ್ರೆ ಕಪಾಟಿನ ಯಜಮಾನ ಸಾಯ್ತಾನಲ್ಲ! ಎರಡು ವರ್ಷದ ಹಿಂದೆ ನವೆಂಬರಲ್ಲಿ ಹಾಲಿನ ಟ್ಯಾಂಕರ್ ಓಡಿಸೋ ಟೆಸ್ ಮಾರಿಲ್ ಬಂದ್ಳು. ಅವಳ ತಾತ ತೀರ್ಕೊಂಡಿದ್ರು. ಅವರ ನೆನಪಿಗೆ ಅಂತ ಅವರ ಕಪಾಟಿನ ಕೋವಿ ಹಿಡ್ಕೊಂಡು ಕಾಡಿಗೆ ಹೋಗಿದ್ಳು. ಐವತ್ತು ಹೆಜ್ಜೆ ದೂರದಲ್ಲಿ ಜಿಂಕೆ. ಗುಂಡು ಎದೆಗೆ ಬೀಳೋದು ಬಿಟ್ಟು ತೊಡೆಗೆ ಬಿತ್ತು. ಎರಡು ದಿನ ಹಿಮದಲ್ಲಿ ರಕ್ತದ ಜಾಡು ಹಿಡಿದು ನಡೆದಳಂತೆ. ಸಿಗಲಿಲ್ಲ."

ಗಾಯಗೊಂಡ ಜಿಂಕೆಯನ್ನು ಕಾಡಿನಲ್ಲಿ ಬಿಟ್ಟುಬಂದೆ ಎನ್ನುವುದಕ್ಕಿಂತ ದೊಡ್ಡ ಅವಮಾನ ಈ ಊರಿನಲ್ಲಿಲ್ಲ.

"ಕೈಯಲ್ಲಿ ಕಾರ್ಡು ಹಿಡ್ಕೊಂಡು ನಿಂತಿದ್ಳು. 'ಮೆಮೆ, ಕೋವಿ ಸರಿಯಾಗೇ ಇದೆ ಅಂತ ಕಾರ್ಡು ಹೇಳ್ತಿದೆ, ಹಾಗಾದ್ರೆ ನನ್ನ ಕಣ್ಣೇ ಹೋಗಿದೆ ಅಲ್ವಾ?' ಅಂದ್ಳು. ಕಾರ್ಡು ನೋಡ್ದೆ. ಎರಡು ತೂತು ಒಂದಕ್ಕೊಂದು ತಾಗಿ, ಮೂರನೇದು ಬಲಕ್ಕೆ ಸ್ವಲ್ಪ ಕೆಳಗೆ. ಹನ್ನೆರಡೂ ಹಾಗೇ ಇದ್ವು, ನಾನು ಹೊಡೆದ ಆ ಒಂದು ಕೋವಿಯ ಕೈಬರಹ ಅದು. ಹಳೇದಾಗಿ ಮೊನೆ ಸರಿದಿರಬೇಕು ಕಣೇ ಅಂತ ಸುಳ್ಳು ಹೇಳಿ, ಸರಿಮಾಡಿ ಕಳಿಸ್ಬಿಟ್ಟೆ. ಎರಡು ಸುಳ್ಳಾಯ್ತು. ಮೂರನೇದು ನನ್ನ ಕೈಲಿ ಆಗಲ್ಲ. ನೀನು ಏನು ಬೇಕಾದ್ರೂ ಅಚ್ಚು ಹಾಕು, ಆ ಎರಡಕ್ಷರ ಬಿಟ್ಟು ಹಾಕು."

ಬ್ರೆಂಟ್ ಕತ್ತರಿಸಿದ ಅಂಗಿಯ ಅಂಚನ್ನು ಬೆರಳಲ್ಲಿ ತಿರುವುತ್ತಾ ನಿಂತಿದ್ದವನು, "ಕರಪತ್ರ ಬದಲಾಯಿಸ್ತೀನಿ, ಮಿಸೆಸ್ ಪೆಲ್ಕಿ" ಎಂದು ಮೆಟ್ಟಿಲು ಹತ್ತಿದ. ಆಸ್ಗುಡ್ ಕೈಗವಸು ಕಳಚಿ ಮಡಿಸಿ ಜೇಬಿಗಿಟ್ಟು, ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟುಹೋದರು. ಅವರಿಗೆ ಸೋಲು ನಾಟಿದೆ ಎಂದುಕೊಂಡರು ಎಲ್ಲರೂ.

ಬ್ರೆಂಟ್ ಮಾತಿಗೆ ತಪ್ಪಲಿಲ್ಲ. ಪ್ರತಿ ಕೋವಿಯನ್ನೂ ಕಾರ್ಖಾನೆಯ ಸುರಂಗದಲ್ಲಿ ಹೊಡೆದು ನೋಡಿಯೇ ಕಳಿಸಲಾಗುತ್ತದೆ ಎಂದು ಹೊಸ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬಂದಿದೆ. ಮುಂಗಡ ಕೊಟ್ಟಿದ್ದವರಲ್ಲಿ ಒಂಬತ್ತು ಜನ ಬೇಡವೆಂದರು, ಅವನ್ನು ಊರಿನವರೇ ಕೊಂಡರು. ಲೊರೆಟ್‌ರ ಫೋಟೋ ಹಾಕಬೇಕೆಂದು ಬ್ರೆಂಟ್‌ಗೆ ಆಸೆಯಿತ್ತು. "ಸ್ವೆಟರ್ ಯಾವ ಕಡೆ ಹಾಕ್ಕೊಂಡು ನಿಂತ್ಕೊಳ್ಳಲಿ ಹೇಳು" ಎಂದು ಅವರು ಅದನ್ನು ತಳ್ಳಿಹಾಕಿದರು.

ಪಂದ್ಯದ ದಿನ ಸಂಜೆಯೇ ಲೊರೆಟ್ ಟೆಸ್‌ಗೆ ಫೋನ್ ಮಾಡಿದರು. ಹೇಳಬೇಕಾದ್ದನ್ನೆಲ್ಲ ಹೇಳಿ, ಕ್ಷಮಿಸಮ್ಮ ಎಂದರು. 'ಕ್ಷಮೆ ನನ್ನನ್ನಲ್ಲ ಮೆಮೆ, ಆ ಜಿಂಕೇನ ಕೇಳಿ' ಎಂದಳಂತೆ ಹುಡುಗಿ. ಆಮೇಲೆ, 'ಎರಡು ವರ್ಷದಿಂದ ಬೇಟೆಗೆ ಹೋಗಿಲ್ಲ ನಾನು. ನನ್ನ ಕಣ್ಣು ಸರಿಯಿದೆ ಅಂತಾದ್ರೂ ಗೊತ್ತಾಯ್ತಲ್ಲ' ಎಂದು ಫೋನಿಟ್ಟಳು. "ಬೈದಿದ್ರೆ ಹಗುರಾಗ್ತಿತ್ತು. ಬೈಯಲಿಲ್ಲ. ಇರಲಿ, ನನಗೆ ಆಗಬೇಕಾದ್ದೇ" ಎನ್ನುತ್ತಾರೆ ಲೊರೆಟ್.

ಮರುದಿನ ಬೆಳಿಗ್ಗೆ ಐದೂಕಾಲಿಗೆ ಸುರಂಗದ ಬಾಗಿಲು ಬಡಿದ ಸದ್ದು ಲೊರೆಟ್‌ಗೆ ಕೇಳಿಸಲಿಲ್ಲ. ಕ್ಲಾಡ್ ಬಂದು ಭುಜ ಮುಟ್ಟಿದ ಮೇಲೆಯೇ ತಿರುಗಿದ್ದು. ಬಾಗಿಲಲ್ಲಿ ಆಸ್ಗುಡ್ ನಿಂತಿದ್ದರು. ಬಿಳಿಯ ಕೈಗವಸಿಲ್ಲ. ತೋಳಲ್ಲಿ ಎಳೆಗೂಸನ್ನು ಹಿಡಿದ ಹಾಗೆ ಒಂದು ಉದ್ದನೆಯ ಪೆಟ್ಟಿಗೆ.

"ಎಂಬತ್ತೆಂಟರದ್ದು. ನಾನು ಸಂಗ್ರಹ ಶುರು ಮಾಡಿದ್ದೇ ಇದರಿಂದ. ಕಾರ್ಡು ನೀವೇ ನೋಡಿಬಿಡಿ. ನನಗೆ ಧೈರ್ಯ ಬರ್ತಿಲ್ಲ" ಎಂದರು.

ಲೊರೆಟ್ ಕನ್ನಡಕ ಏರಿಸಿ ಕಾರ್ಡನ್ನು ದೀಪಕ್ಕೆ ಹಿಡಿದರು. ಎರಡು ತೂತು ಒಂದಕ್ಕೊಂದು ತಾಗಿ. ಮೂರನೆಯದು ಬಲಕ್ಕೆ, ಸ್ವಲ್ಪ ಕೆಳಗೆ. ಅವರು ಬಾಯಿ ತೆರೆಯಬೇಕಾಗಿಯೇ ಬರಲಿಲ್ಲ, ಮುಖ ನೋಡಿ ಆಸ್ಗುಡ್ ಅರ್ಥಮಾಡಿಕೊಂಡರು. ಅರ್ಥವಾದ ಮೇಲೆ ಆ ಮನುಷ್ಯ ಮಾಡಿದ್ದೇನು ಗೊತ್ತೇ? ಜೋರಾಗಿ ನಕ್ಕುಬಿಟ್ಟರು.

"ಕಾರ್ಖಾನೇಲಿ ಹೊಡೆದದ್ದು ಲೆಕ್ಕಕ್ಕಿಲ್ಲ ಅಂದ್ಕೊಂಡು, ಮೂವತ್ತೈದು ವರ್ಷದಿಂದ ಇದು ಗುಂಡು ಕಾಣದ ಕೋವಿ ಅಂತ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ನಿಜವೇ ಆಗಿಹೋಯ್ತಲ್ಲ! ನಮ್ಮ ಸಂಘದಲ್ಲಿ ಇಂಥದ್ದು ಒಬ್ಬರ ಹತ್ತಿರವೂ ಇಲ್ಲ, ಮಿಸೆಸ್ ಪೆಲ್ಕಿ. ಈ ನಿಮಿಷ ಇದಕ್ಕೆ ಮೂರು ಪಟ್ಟು ಬೆಲೆ. ನೀವು ಒಂದು ಈಡು ಹೊಡೆದ್ರೆ ಹೋಯ್ತು."

"ಹಾಗಾದ್ರೆ ಮನೆಗೆ ತಗೊಂಡು ಹೋಗಿ ಡಾಕ್ಟ್ರೇ. ನಿಮ್ಮ ವಸ್ತು, ನಾನು ಬಲವಂತ ಮಾಡಲ್ಲ. ಕಾರ್ಡು ಮಾತ್ರ ನನಗೆ ಕೊಡಿ."

ಆ ಕೋವಿಯ ಮೇಲೂ ಬಂಗಾರದ ಜಿಂಕೆಯಿತ್ತು; ಆಸ್ಗುಡ್ ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದರು. ಬರಿಗೈಯಲ್ಲಿ ಅದನ್ನು ಮುಟ್ಟಿದ್ದು ಅವರು ಅದೇ ಮೊದಲಂತೆ. "ನನಗೆ ಇಬ್ಬರು ಮೊಮ್ಮಕ್ಕಳು. ನಾನು ಹೋದಮೇಲೆ ಕಪಾಟು ತೆಗೆಯೋರು ಅವರೇ. ಅವರೂ ಆ ಕಾರ್ಡನ್ನೇ ನಂಬ್ತಾರೆ" ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ಹೊಡೀರಿ."

ಭಾರದ ಈಡಿಗೆ ಕೋವಿ ಜಗ್ಗಲಿಲ್ಲ. ಖಾಲಿ ತೋಟೆ ನುಣ್ಣಗಿತ್ತು. ಭುಜಕ್ಕೇರಿಸಿ ಹೊಡೆದ ಮೊದಲ ಗುಂಡು ಕಪ್ಪು ಚುಕ್ಕೆಯನ್ನು ಬಿಟ್ಟು ನಾಲ್ಕು ಬೆರಳು ಎಡಕ್ಕೆ ಹೋಯಿತು. ಲೊರೆಟ್ ಕಣ್ಣು ಮುಚ್ಚಿ ತೆರೆದರು. ಹಿತ್ತಾಳೆ ಸುತ್ತಿಗೆ ತೆಗೆದರು. ಟಕ್. ಇನ್ನೊಂದು ಈಡು. ಟಕ್ ಟಕ್. ಮತ್ತೊಂದು. ಹಾಗೆ ಹನ್ನೊಂದು ಈಡು ಹಿಡಿಯಿತು. ಆಮೇಲೆ ಹೊಸ ಕಾರ್ಡು ಸಿಕ್ಕಿಸಿ ಬಂದು, ಉಸಿರು ಹಿಡಿದು ಕೊನೆಯ ಮೂರನ್ನು ಹೊಡೆದರು. ಮೂರೂ ಕಪ್ಪಿನೊಳಗೆ.

ಹಳೆಯ ಕಾರ್ಡನ್ನು ನಾಲ್ಕು ಚೂರು ಮಾಡಿ ಸೀಸದ ಕಸದ ಡಬ್ಬಿಗೆ ಹಾಕಿದರು. ಹೊಸದಕ್ಕೆ ಸಂಖ್ಯೆ ಬರೆದು ಸಹಿ ಹಾಕುವಾಗ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ. ಆಸ್ಗುಡ್ ಕಾರ್ಡು ಇಸಿದುಕೊಂಡು ಕೈಕುಲುಕಿದರು. ಸಂಘದ ಮುಂದಿನ ಪತ್ರಿಕೆಯಲ್ಲಿ ಹಾಕಿಸುತ್ತೇನೆ, ಎಂಬತ್ತೆಂಟರ ಕೋವಿ ಇರುವವರೆಲ್ಲ ತಮ್ಮ ಕಾರ್ಡು ನೋಡಿಕೊಂಡು ಇಲ್ಲಿಗೆ ಕಳಿಸಲಿ, ಕಳಿಸದಿದ್ದರೆ ನಾನೇ ಮನೆಮನೆಗೆ ಹೋಗಿ ತರುತ್ತೇನೆ ಎಂದು ಹೇಳಿ ಹೋದರು.

ಇವತ್ತಿನ ಹದಿನಾರೂ ಮುಗಿಯುವ ಹೊತ್ತಿಗೆ ಏಳು ಗಂಟೆ. ಮೇಲೆ ಯಂತ್ರಗಳು ಗುಡುಗತೊಡಗಿವೆ, ಮೇಜು ನಡುಗುತ್ತಿದೆ. ಲೊರೆಟ್ ಸ್ವೆಟರು ಬಿಚ್ಚಿ, ಗುಂಡಿಗಳನ್ನು ಎದೆಯ ಕಡೆಗೆ ತಂದು ತೊಡುತ್ತಿದ್ದಾರೆ. ಕ್ಲಾಡ್ ಮೆಟ್ಟಿಲ ಮೇಲಿಂದ ಬಗ್ಗಿ, ಆಕೆಗೆ ಕೇಳಿಸಲೆಂದು ಗಂಟಲು ಹರಿಯುವ ಹಾಗೆ ಕೂಗುತ್ತಾರೆ: "ಮೆಮೇ! ಕ್ರಿಸ್‌ಮಸ್‌ಗೆ ಕೇಕು ಹೇಳಿಬಿಡಲಾ?"

"ಈಗ್ಲೇ ಬೇಡ ಕಣೋ" ಎಂದು ಅಷ್ಟೇ ಜೋರಾಗಿ ಉತ್ತರ ಹೋಗುತ್ತದೆ. "ಆ ಹನ್ನೆರಡರಲ್ಲಿ ಇನ್ನೂ ಹತ್ತು ಬರೋದಿದೆ."